ಎಳೆದಷ್ಟೂ ಬದಲಾಗುವ ಎಳೆ

ತರಕಾರಿ ಅಂಗಡಿಯ ತೆಳು ಕ್ಯಾರಿಬ್ಯಾಗು ನಾಲ್ಕೈದು ಕಿಲೋ ಭಾರಕ್ಕೆ ಹರಿದುಹೋಗುತ್ತದೆ. ಬಂದರಿನಲ್ಲಿ ಹಡಗುಗಳನ್ನು ದಡಕ್ಕೆ ಬಿಗಿಯುವ ಡೈನೀಮಾ ಹಗ್ಗ ಅಷ್ಟೇ ತೂಕದ ಉಕ್ಕಿನ ಹಗ್ಗಕ್ಕಿಂತ ಹಲವು ಪಟ್ಟು ಎಳೆತ ತಾಳುತ್ತದೆ. ನೀರಿಗೆ ಬಿದ್ದರೆ ತೇಲುತ್ತದೆ. ಎರಡೂ ಪಾಲಿಥೀನೇ. ಇಂಗಾಲದ ಉದ್ದನೆಯ ಸಾಲು, ಪ್ರತಿ ಇಂಗಾಲಕ್ಕೆ ಎರಡು ಜಲಜನಕ, ಇಷ್ಟೇ ಅದರ ರಸಾಯನ. ಹಗ್ಗದಲ್ಲಿರುವ ಅಣುಗಳು ಚೀಲದ ಅಣುಗಳಿಗಿಂತ ಬಹಳ ಉದ್ದ ಎಂಬುದು ನಿಜ. ಆದರೆ ಅದೇ ಉದ್ದನೆಯ ಅಣುಗಳ ಪಾಲಿಥೀನನ್ನು ಎಳೆಯದೆ ಅಚ್ಚಿಗೆ ಒತ್ತಿದರೆ ಸಿಗುವುದು ಮಂಡಿ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಬಿಳಿ ಪ್ಲಾಸ್ಟಿಕ್. ಅದು ಸುಲಭವಾಗಿ ಸವೆಯದು, ಬಿರಿಯದು. ಆದರೆ ಅದರ ಬಿರುಸು, ಅಂದರೆ ಹಿಗ್ಗಿಸುವುದಕ್ಕೆ ಅದು ಒಡ್ಡುವ ಪ್ರತಿರೋಧ, ಸುಮಾರು ಒಂದು ಗಿಗಾಪಾಸ್ಕಲ್ ಮಾತ್ರ. ಹಗ್ಗದ ಎಳೆಯದು ನೂರು ಗಿಗಾಪಾಸ್ಕಲ್‌ಗೂ ಹೆಚ್ಚು. ಈ ನೂರು ಪಟ್ಟಿನ ಅಂತರ ಹುಟ್ಟುವುದು ಎಳೆಯುವ ಕೆಲಸದಿಂದ.

ಎಳೆದಾಗ ಪಾಲಿಮರ್ ಎಳೆಯ ಒಳಗಿನ ಸ್ಫಟಿಕಗಳಿಗೆ ಏನಾಗುತ್ತದೆ ಎಂಬ ಪ್ರಶ್ನೆಗೆ ನೂರು ವರ್ಷಗಳ ಚರಿತ್ರೆಯಿದೆ. ಉತ್ತರ ಒಂದೇ ಅಲ್ಲ. ಕೆಲವು ಎಳೆಗಳಲ್ಲಿ ಇದ್ದ ಸ್ಫಟಿಕಗಳು ಒಡೆದು ಹೊಸದಾಗಿ ಕಟ್ಟಿಕೊಳ್ಳುತ್ತವೆ, ಕೆಲವದರಲ್ಲಿ ಒಂದು ಬಗೆಯ ಸ್ಫಟಿಕ ಇನ್ನೊಂದು ಬಗೆಗೆ ತಿರುಗುತ್ತದೆ, ಇನ್ನು ಕೆಲವದರಲ್ಲಿ ಇಲ್ಲದ ಸ್ಫಟಿಕ ಎಳೆದ ಕ್ಷಣದಲ್ಲಿ ಹುಟ್ಟಿ ಬಿಟ್ಟ ಕ್ಷಣದಲ್ಲಿ ಕರಗುತ್ತದೆ. ಸ್ಥಿತಿಸ್ಥಾಪಕತೆ ಎಂದು ಒಂದೇ ಹೆಸರಿನಿಂದ ಕರೆಯುವ ಗುಣವೂ ನಿಜದಲ್ಲಿ ಎರಡು: ಹಿಗ್ಗಿಸಲು ಎಷ್ಟು ಬಲ ಬೇಕು ಎಂಬುದು ಒಂದು, ಬಿಟ್ಟಾಗ ಎಷ್ಟು ಮಟ್ಟಿಗೆ ಹಿಂದಿರುಗುತ್ತದೆ ಎಂಬುದು ಇನ್ನೊಂದು. ಎಳೆತ ಮೊದಲನೆಯದನ್ನು ಹೆಚ್ಚಿಸುವಾಗ ಬಹುಪಾಲು ಎರಡನೆಯದರ ಹರವನ್ನು ಕಿತ್ತುಕೊಳ್ಳುತ್ತದೆ. ಎಳೆ ತಯಾರಿಸುವವರ ಕಸುಬಿನ ಹೆಚ್ಚಿನ ಪಾಲು ಈ ಎರಡರ ನಡುವಿನ ಚೌಕಾಸಿಯೇ.

ಪಾಲಿಮರ್ ಎಂದರೆ ಸಣ್ಣ ಘಟಕಗಳು ಸಾವಿರಗಟ್ಟಲೆ ಬೆಸೆದುಕೊಂಡ ಸರಪಳಿ ಅಣು ಎಂದು ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಹೇಳಿದಾಗ ಒಪ್ಪಿದವರು ಕಡಿಮೆ. ಆ ಮಾತಿಗೆ ನೊಬೆಲ್ ಬಹುಮಾನ ಬಂದದ್ದು 1953ರಲ್ಲಿ. ಸರಪಳಿಯನ್ನು ಒಪ್ಪಿದ ಮೇಲೂ ಇನ್ನೊಂದು ತೊಡಕು ಉಳಿದಿತ್ತು: ಇಷ್ಟು ಉದ್ದನೆಯ, ಒಂದಕ್ಕೊಂದು ಸುತ್ತಿಕೊಂಡ ಅಣುಗಳು ಅಚ್ಚುಕಟ್ಟಾದ ಸ್ಫಟಿಕವಾಗುವುದು ಹೇಗೆ? 1957ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಆಂಡ್ರ್ಯೂ ಕೆಲರ್ ಪಾಲಿಥೀನಿನ ಒಂಟಿ ಸ್ಫಟಿಕಗಳನ್ನು ಬೆಳೆಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅವು ಸುಮಾರು ಹತ್ತು ನ್ಯಾನೋಮೀಟರ್ ದಪ್ಪದ ತಗಡುಗಳು. ಸರಪಳಿಗಳು ಆ ತಗಡಿಗೆ ಲಂಬವಾಗಿ ನಿಂತಿದ್ದವು. ಸರಪಳಿಯ ಉದ್ದವೋ ಸಾವಿರಾರು ನ್ಯಾನೋಮೀಟರ್. ಹಾಗಾದರೆ ಪ್ರತಿ ಸರಪಳಿಯೂ ತಗಡಿನ ಮೇಲ್ಮೈಗೆ ಬಂದಾಗಲೆಲ್ಲ ಮಡಿಚಿ ಮತ್ತೆ ಒಳಗೆ ಹೋಗಲೇಬೇಕು ಎಂದು ಕೆಲರ್ ತೀರ್ಮಾನಿಸಿದರು.

ಕರಗಿಸಿ ತಣಿಸಿದ ಮಾಮೂಲಿ ಪ್ಲಾಸ್ಟಿಕ್ಕಿನಲ್ಲಿ ಇಂಥ ತಗಡುಗಳು ಒಂದರ ಪಕ್ಕ ಒಂದಿರುತ್ತವೆ, ನಡುನಡುವೆ ಯಾವ ಕ್ರಮವೂ ಇಲ್ಲದ ಮೆತ್ತನೆಯ ಪದರ. ಕೆಲವು ಸರಪಳಿಗಳು ಒಂದು ತಗಡಿನಿಂದ ಹೊರಟು ಮೆತ್ತನೆಯ ಪದರವನ್ನು ದಾಟಿ ಪಕ್ಕದ ತಗಡನ್ನು ಸೇರುತ್ತವೆ. ಈ ಕೊಂಡಿ ಅಣುಗಳ ಸಂಖ್ಯೆ ಕಡಿಮೆ, ಆದರೆ ಭಾರ ಬಿದ್ದಾಗ ಹೊರುವವು ಅವೇ. ಸ್ಫಟಿಕದ ಪ್ರಮಾಣ ಎಷ್ಟು ಶೇಕಡಾ ಎಂದು ಅಳೆದು ಎಳೆಯ ಬಲವನ್ನು ಊಹಿಸುವ ರೂಢಿ ಬಹಳ ಕಾಲ ಇತ್ತು. ಅದು ಅರ್ಧ ಲೆಕ್ಕ. ಸ್ಫಟಿಕಗಳು ಯಾವ ದಿಕ್ಕಿಗೆ ನಿಂತಿವೆ, ಅವುಗಳ ನಡುವೆ ಎಷ್ಟು ಕೊಂಡಿಗಳು ಬಿಗಿಯಾಗಿವೆ ಎಂಬುದು ಉಳಿದರ್ಧ, ಬಹುಶಃ ದೊಡ್ಡ ಅರ್ಧ.

ಎಳೆತದ ಮಹತ್ವ ಪ್ರಯೋಗಶಾಲೆಯಲ್ಲಿ ಕಣ್ಣಿಗೆ ಬಿದ್ದದ್ದು 1930ರಲ್ಲಿ, ಅಮೆರಿಕದ ವಿಲ್ಮಿಂಗ್ಟನ್‌ನ ಡ್ಯುಪಾಂಟ್ ಕಂಪನಿಯಲ್ಲಿ. ವ್ಯಾಲೇಸ್ ಕರೋದರ್ಸ್ ಅವರ ತಂಡದ ಜೂಲಿಯನ್ ಹಿಲ್ ಒಂದು ಪಾಲಿಯೆಸ್ಟರ್ ತಯಾರಿಸಿದ್ದರು. ಕರಗಿದ ಮುದ್ದೆಗೆ ಗಾಜಿನ ಕಡ್ಡಿ ಅದ್ದಿ ಎತ್ತಿದಾಗ ದಾರ ಬಂತು. ತಣ್ಣಗಾದ ಮೇಲೆ ಅದನ್ನು ಮತ್ತೆ ಎಳೆದಾಗ ಅದು ತುಂಡಾಗದೆ ಹಲವು ಪಟ್ಟು ಉದ್ದವಾಯಿತು. ಮೊದಲು ಮಂಕಾಗಿ, ಪೆಡಸಾಗಿ ಇದ್ದ ದಾರ ಎಳೆದ ಮೇಲೆ ಹೊಳೆಯುತ್ತಿತ್ತು, ಬಾಗುತ್ತಿತ್ತು, ಗಟ್ಟಿಯಾಗಿತ್ತು. ಆ ಪಾಲಿಯೆಸ್ಟರ್ ಬಲು ಕಡಿಮೆ ಶಾಖಕ್ಕೆ ಕರಗುತ್ತಿದ್ದರಿಂದ ಬಟ್ಟೆಗೆ ಒದಗಲಿಲ್ಲ. ಐದು ವರ್ಷಗಳ ನಂತರ, 1935ರ ಫೆಬ್ರುವರಿಯಲ್ಲಿ, ಅದೇ ತಂಡ ನೈಲಾನ್ 6,6 ತಯಾರಿಸಿದಾಗ ತಣ್ಣಗೆ ಎಳೆಯುವ ಈ ವಿದ್ಯೆ ಸಿದ್ಧವಾಗಿತ್ತು. ನೈಲಾನಿನ ಕಥೆ ಹೇಳುವವರು ಅದರ ರಸಾಯನವನ್ನೇ ಹೊಗಳುತ್ತಾರೆ. ನಾಲ್ಕು ಪಟ್ಟು ಎಳೆಯದೆ ಇದ್ದಿದ್ದರೆ ಅದು ಕಾಲುಚೀಲವೂ ಆಗುತ್ತಿರಲಿಲ್ಲ, ಪ್ಯಾರಾಚೂಟೂ ಆಗುತ್ತಿರಲಿಲ್ಲ.

ಈ ಬದಲಾವಣೆಯನ್ನು ಯಾರು ಬೇಕಾದರೂ ನೋಡಬಹುದು. ಪ್ಲಾಸ್ಟಿಕ್ ಚೀಲದಿಂದ ಒಂದು ಪಟ್ಟಿ ಕತ್ತರಿಸಿ ನಿಧಾನವಾಗಿ ಎಳೆದರೆ ಪಟ್ಟಿ ಎಲ್ಲ ಕಡೆ ಸಮನಾಗಿ ತೆಳುವಾಗುವುದಿಲ್ಲ. ಒಂದು ಕಡೆ ಥಟ್ಟನೆ ಕಿರಿದಾಗಿ ಕೊರಳು ಮೂಡುತ್ತದೆ. ಎಳೆದಂತೆ ಆ ಕೊರಳು ಎರಡೂ ಕಡೆಗೆ ಹಬ್ಬುತ್ತದೆ. ಕೊರಳಿನ ಭಾಗ ತೆಳುವಾದರೂ ಹರಿಯುವುದಿಲ್ಲ, ಏಕೆಂದರೆ ಅಲ್ಲಿನ ಪ್ಲಾಸ್ಟಿಕ್ ಈಗ ಬೇರೆಯದೇ ವಸ್ತು.

ಆ ಕೊರಳಿನೊಳಗೆ ನಡೆಯುವುದೇನು ಎಂಬುದರ ಮೇಲೆ ವಿಜ್ಞಾನಿಗಳು ದಶಕಗಳ ಕಾಲ ಜಗಳವಾಡಿದ್ದಾರೆ. ಆಂಟನ್ ಪೀಟರ್ಲಿನ್ ಕೊಟ್ಟ ಚಿತ್ರಣದ ಪ್ರಕಾರ ತಗಡುಗಳು ಮೊದಲು ಓರೆಯಾಗಿ ತಿರುಗುತ್ತವೆ, ಪದರಗಳು ಒಂದರ ಮೇಲೊಂದು ಜಾರುತ್ತವೆ, ಕೊನೆಗೆ ತಗಡು ಸಣ್ಣ ತುಂಡುಗಳಾಗಿ ಒಡೆದು ಆ ತುಂಡುಗಳು ಎಳೆತದ ದಿಕ್ಕಿನಲ್ಲಿ ಸಾಲಾಗಿ ನಿಂತು ಸೂಕ್ಷ್ಮ ನಾರುಗಳಾಗುತ್ತವೆ. ಒಡೆದಲ್ಲಿ ಬಿಚ್ಚಿಕೊಂಡ ಮಡಿಕೆಗಳೇ ಹೊಸ ಕೊಂಡಿಗಳು. 1970ರ ದಶಕದ ಕೊನೆಯಲ್ಲಿ ಪಾಲ್ ಫ್ಲೋರಿ ಮತ್ತು ಯೂನ್ ಇದನ್ನು ಪ್ರಶ್ನಿಸಿದರು. ಸರಪಳಿಗಳು ಅಷ್ಟೊಂದು ಹೆಣೆದುಕೊಂಡಿರುವಾಗ ಮಡಿಕೆಗಳು ಒಂದೊಂದಾಗಿ ಬಿಚ್ಚಿಕೊಳ್ಳಲು ಜಾಗವೆಲ್ಲಿ? ಎಳೆತಕ್ಕೆ ಸಿಕ್ಕಿದ ಕಡೆ ಸ್ಫಟಿಕ ಕ್ಷಣಕಾಲ ಕರಗಿ, ಹೊಸ ದಿಕ್ಕಿನಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ ಎಂಬುದು ಅವರ ವಾದ. ಅದಕ್ಕೊಂದು ಗಟ್ಟಿ ಸಾಕ್ಷಿಯೂ ಇದೆ: ಎಳೆದ ಮೇಲೆ ಹೊಸ ಸ್ಫಟಿಕಗಳ ದಪ್ಪ ಹಳೆಯ ತಗಡುಗಳ ದಪ್ಪವನ್ನು ಅವಲಂಬಿಸದೆ, ಎಳೆದಾಗಿನ ಉಷ್ಣತೆಗೆ ತಕ್ಕಂತೆ ಇರುತ್ತದೆ. ಜರ್ಮನಿಯ ಗೆರ್ಟ್ ಸ್ಟ್ರೋಬ್ಲ್ ಅವರ ತಂಡ ಈ ಎರಡನ್ನೂ ಒಂದೇ ದಾರಿಯ ಎರಡು ಹಂತಗಳಾಗಿ ಕಂಡಿತು. ಸಣ್ಣ ಎಳೆತದಲ್ಲಿ ತುಂಡುಗಳು ಜಾರುತ್ತವೆ. ಒಂದು ಗಡಿ ದಾಟಿದ ಮೇಲೆ ಸ್ಫಟಿಕಗಳು ಕೆಟ್ಟು ನಾರುಗಳಾಗಿ ಮರುಹುಟ್ಟು ಪಡೆಯುತ್ತವೆ. ಇವತ್ತಿನ ಅಳತೆಗಳಿಗೆ ಹೆಚ್ಚು ಹೊಂದುವುದು ಈ ನೋಟವೇ.

ಇನ್ನು ಬಿರುಸಿನ ಲೆಕ್ಕ. ಪಾಲಿಮರ್ ಸ್ಫಟಿಕವೊಂದನ್ನು ಅದರ ಸರಪಳಿಯ ಉದ್ದಕ್ಕೇ ಎಳೆದರೆ ಎಷ್ಟು ಪ್ರತಿರೋಧ ಸಿಗುತ್ತದೆ ಎಂಬುದನ್ನು 1960ರ ದಶಕದಲ್ಲಿ ಕ್ಯೋಟೋದ ಇಚಿರೋ ಸಕುರಾಡ ಮತ್ತು ಸಂಗಡಿಗರು ಅಳೆದರು. ಎಳೆಗೆ ಭಾರ ಕಟ್ಟಿ, ಅದರ ಮೂಲಕ ಕ್ಷ-ಕಿರಣ ಹಾಯಿಸಿ, ಪರಮಾಣುಗಳ ನಡುವಿನ ಅಂತರ ಎಷ್ಟು ಹಿಗ್ಗಿತು ಎಂದು ನೋಡುವ ವಿಧಾನ ಅದು. ಪಾಲಿಥೀನಿಗೆ ಬಂದ ಸಂಖ್ಯೆ 235 ಗಿಗಾಪಾಸ್ಕಲ್. ಉಕ್ಕಿನದು ಸುಮಾರು 200! ಪಾಲಿಪ್ರೊಪಿಲೀನಿಗೆ ಬಂದದ್ದು 34 ಮಾತ್ರ. ಕಾರಣ ಸರಪಳಿಯ ಆಕಾರದಲ್ಲಿದೆ. ಪಾಲಿಥೀನಿನ ಸರಪಳಿ ಸ್ಫಟಿಕದೊಳಗೆ ಪೂರ್ತಿ ನೀಳವಾಗಿ ಚಾಚಿಕೊಂಡಿರುತ್ತದೆ. ಅದನ್ನು ಇನ್ನೂ ಉದ್ದ ಮಾಡಬೇಕೆಂದರೆ ಇಂಗಾಲಗಳ ನಡುವಿನ ಬಂಧವನ್ನೇ ಹಿಗ್ಗಿಸಬೇಕು. ಪಾಲಿಪ್ರೊಪಿಲೀನಿನ ಸರಪಳಿಗೆ ಪಕ್ಕದಲ್ಲಿ ಮೀಥೈಲ್ ಗುಂಪುಗಳು ಅಂಟಿಕೊಂಡಿರುವುದರಿಂದ ಅದು ಸುರುಳಿ ಸುತ್ತಿಕೊಳ್ಳುತ್ತದೆ. ಸುರುಳಿಯನ್ನು ಬಿಡಿಸಲು ಅಷ್ಟು ಬಲ ಬೇಡ.

ಸ್ಫಟಿಕದಲ್ಲಿ 235 ಇದ್ದದ್ದು ಚೀಲದಲ್ಲಿ ಒಂದಕ್ಕೂ ಕೆಳಗಿಳಿಯುವುದು ಮೆತ್ತನೆಯ ಪದರಗಳಿಂದ. ಅವನ್ನು ಕಡಿಮೆ ಮಾಡಬೇಕಾದರೆ ಇನ್ನಷ್ಟು ಎಳೆಯಬೇಕು, ಆದರೆ ಸರಪಳಿಗಳ ಸಿಕ್ಕು ಬಿಡುವುದಿಲ್ಲ. ನೆದರ್ಲೆಂಡ್ಸ್‌ನ ಡಿಎಸ್ಎಂ ಕಂಪನಿಯಲ್ಲಿ ಪಾಲ್ ಸ್ಮಿತ್ ಮತ್ತು ಪೀಟ್ ಲೆಮ್‌ಸ್ಟ್ರಾ 1979ರ ಹೊತ್ತಿಗೆ ಇದಕ್ಕೆ ಉಪಾಯ ಕಂಡುಕೊಂಡರು. ಅತಿ ಉದ್ದನೆಯ ಪಾಲಿಥೀನನ್ನು ಡೆಕಲಿನ್ ಎಂಬ ದ್ರಾವಕದಲ್ಲಿ ತೆಳ್ಳಗೆ ಕರಗಿಸಿದರು. ಸಿಕ್ಕುಗಟ್ಟಿದ ಕೂದಲಿಗೆ ಎಣ್ಣೆ ಹಚ್ಚಿ ಬಿಡಿಸಿದ ಹಾಗೆ, ದ್ರಾವಕದಲ್ಲಿ ಸರಪಳಿಗಳ ಬಹುಪಾಲು ಸಿಕ್ಕುಗಳು ಬಿಟ್ಟುಕೊಂಡವು. ಕೆಲವು ಸಿಕ್ಕುಗಳು ಉಳಿಯುವುದೂ ಅಗತ್ಯ, ಇಲ್ಲದಿದ್ದರೆ ಎಳೆದಾಗ ಸರಪಳಿಗಳು ಒಂದನ್ನೊಂದು ಬಿಟ್ಟು ಜಾರಿಹೋಗುತ್ತವೆ. ಆ ದ್ರಾವಣದಿಂದ ತೆಗೆದ ಜೆಲ್ಲಿನಂಥ ದಾರವನ್ನು ಬಿಸಿಯಲ್ಲಿ ಮೂವತ್ತು ಪಟ್ಟು, ಅದಕ್ಕೂ ಹೆಚ್ಚು ಎಳೆಯಲು ಸಾಧ್ಯವಾಯಿತು. ಡೈನೀಮಾ ಹುಟ್ಟಿದ್ದು ಹೀಗೆ. ಮಡಿಕೆಯ ತಗಡುಗಳು ಹೋಗಿ, ಸರಪಳಿಗಳು ಎಳೆಯುದ್ದಕ್ಕೂ ಚಾಚಿಕೊಂಡ ಸ್ಫಟಿಕಗಳು ಬಂದವು. ಹಾಗೆ ಚಾಚಿಕೊಂಡ ಸರಪಳಿಯುದ್ದಕ್ಕೆ ಶಾಖವೂ ಸಲೀಸಾಗಿ ಹರಿಯುತ್ತದೆ: 2010ರಲ್ಲಿ ಅಮೆರಿಕದ ಎಂಐಟಿಯಲ್ಲಿ ಅತಿಯಾಗಿ ಎಳೆದ ಪಾಲಿಥೀನ್ ನ್ಯಾನೋ ಎಳೆಯೊಂದು ಕಬ್ಬಿಣಕ್ಕಿಂತ ಚೆನ್ನಾಗಿ ಶಾಖ ಸಾಗಿಸಿತು. ಎಳೆಯದ ಪಾಲಿಥೀನ್ ಶಾಖದ ಅವಾಹಕ ಎಂದೇ ಎಲ್ಲರಿಗೂ ಗೊತ್ತು.

ಡೈನೀಮಾದಷ್ಟು ಬಿರುಸಾದ ಎಳೆ ಮೂರು–ನಾಲ್ಕು ಶೇಕಡಾ ಹಿಗ್ಗುವಷ್ಟರಲ್ಲಿ ತುಂಡಾಗುತ್ತದೆ. ಮೈಗಂಟುವ ಜೀನ್ಸಿಗೆ, ಹಲ್ಲುಜ್ಜುವ ಬ್ರಷ್ಷಿನ ಕೂದಲಿಗೆ ಬೇಕಾದದ್ದು ಬೇರೆ: ಸಾಕಷ್ಟು ಹಿಗ್ಗಬೇಕು, ಬಾಗಬೇಕು, ಪೂರ್ತಿ ಹಿಂದಿರುಗಬೇಕು. ಪಾಲಿಯೆಸ್ಟರ್ ಕುಟುಂಬದಲ್ಲಿ ಇದಕ್ಕೊಂದು ಸೊಗಸಾದ ಉದಾಹರಣೆಯಿದೆ. ಅಂಗಡಿಯ ಪಾಲಿಯೆಸ್ಟರ್ ಬಟ್ಟೆ, ನೀರಿನ ಬಾಟಲಿ ಎರಡೂ ಪಿಇಟಿ. ಅದರ ಸರಪಳಿಯ ಪ್ರತಿ ಘಟಕದಲ್ಲಿ ಎರಡು ಮೀಥಿಲೀನ್ ಕೊಂಡಿಗಳು. ಸರಪಳಿ ಸ್ಫಟಿಕದಲ್ಲಿ ಬಹುತೇಕ ನೇರ. ಸ್ಫಟಿಕದ ಬಿರುಸು ಸುಮಾರು 108 ಗಿಗಾಪಾಸ್ಕಲ್. ಎರಡರ ಬದಲು ನಾಲ್ಕು ಮೀಥಿಲೀನ್ ಇಟ್ಟರೆ ಪಿಬಿಟಿ. ಅದರ ಸರಪಳಿ ಸ್ಫಟಿಕದೊಳಗೂ ಸ್ವಲ್ಪ ಸೊಟ್ಟಗೆ ಮುದುಡಿಕೊಂಡಿರುತ್ತದೆ. ಬಿರುಸು ಸುಮಾರು 13ಕ್ಕೆ ಇಳಿಯುತ್ತದೆ. ಎಳೆಯನ್ನು ಕೆಲವು ಶೇಕಡಾ ಹಿಗ್ಗಿಸಿದೊಡನೆ ಮುದುಡಿದ ಆಲ್ಫಾ ಸ್ಫಟಿಕ ನೀಳವಾದ ಬೀಟಾ ಸ್ಫಟಿಕವಾಗಿ ಬದಲಾಗತೊಡಗುತ್ತದೆ. ಒಂದು ಘಟಕದ ಉದ್ದ 11.6ರಿಂದ ಸುಮಾರು 13 ಆಂಗ್‌ಸ್ಟ್ರಾಮ್‌ಗೆ ಏರುತ್ತದೆ. ಬಿಟ್ಟರೆ ಮತ್ತೆ ಆಲ್ಫಾ. 1970ರ ದಶಕದಲ್ಲಿ ಕ್ಷ-ಕಿರಣಗಳಲ್ಲಿ ಕಂಡ ಈ ಪಲ್ಲಟ ಮತ್ತೆ ಮತ್ತೆ ನಡೆಯುತ್ತದೆ, ಎಳೆ ಕೆಡುವುದಿಲ್ಲ. ಇಲ್ಲಿ ಹಿಗ್ಗುವ ಕೆಲಸವನ್ನು ಮೆತ್ತನೆಯ ಪದರ ಮಾತ್ರ ಮಾಡುವುದಿಲ್ಲ, ಸ್ಫಟಿಕವೇ ಪಾಲ್ಗೊಳ್ಳುತ್ತದೆ. ಸ್ಫಟಿಕವೆಂದರೆ ಅಲುಗದ ಗಟ್ಟಿ ಭಾಗ ಎಂಬ ಪಠ್ಯಪುಸ್ತಕದ ಚಿತ್ರಕ್ಕೆ ಪಿಬಿಟಿ ಒಳ್ಳೆಯ ತಿದ್ದುಪಡಿ.

ಪ್ರಕೃತಿಯಲ್ಲಿ ಇಂಥ ಪಲ್ಲಟ ಮೊದಲು ಕಂಡದ್ದು ಉಣ್ಣೆಯಲ್ಲಿ. ಬಟ್ಟೆ ಗಿರಣಿಗಳ ಊರಾದ ಲೀಡ್ಸ್‌ನಲ್ಲಿ ವಿಲಿಯಂ ಆಸ್ಟ್‌ಬರಿ 1930ರ ಸುಮಾರಿಗೆ ಒದ್ದೆ ಉಣ್ಣೆ ಮತ್ತು ಕೂದಲನ್ನು ಎಳೆಯುತ್ತ ಕ್ಷ-ಕಿರಣ ಚಿತ್ರ ತೆಗೆದರು. ಎಳೆಯದ ಉಣ್ಣೆಯ ಚಿತ್ರ ಒಂದು ತೆರ, ಎಳೆದದ್ದು ಮತ್ತೊಂದು ತೆರ, ಬಿಟ್ಟಾಗ ಮತ್ತೆ ಮೊದಲಿನಂತೆ. ಕೆರಾಟಿನ್ ಪ್ರೋಟೀನು ಮಡಿಚಿದ ರೂಪದಿಂದ ಚಾಚಿದ ರೂಪಕ್ಕೆ ಹೋಗಿ ಬರುತ್ತದೆ ಎಂದು ಆಸ್ಟ್‌ಬರಿ ಹೇಳಿದರು. ಮಡಿಕೆಯ ವಿವರದಲ್ಲಿ ಅವರ ಮಾದರಿ ನಿಲ್ಲಲಿಲ್ಲ. 1951ರಲ್ಲಿ ಲೈನಸ್ ಪಾಲಿಂಗ್ ಅದು ಆಲ್ಫಾ ಸುರುಳಿ ಎಂದು ತೋರಿಸಿದರು. ಆದರೆ ಮೂಲ ಕಾಣ್ಕೆ ಸರಿಯಾಗಿತ್ತು. ಸುರುಳಿಯಲ್ಲಿ ಪ್ರತಿ ಅಮೈನೋ ಆಮ್ಲ 1.5 ಆಂಗ್‌ಸ್ಟ್ರಾಮ್ ಉದ್ದ ಆಕ್ರಮಿಸಿದರೆ ಚಾಚಿದ ಬೀಟಾ ರೂಪದಲ್ಲಿ 3.3ಕ್ಕೂ ಹೆಚ್ಚು. ಹಬೆಯಲ್ಲಿ ಉಣ್ಣೆ ಎರಡು ಪಟ್ಟು ಹಿಗ್ಗುವುದಕ್ಕೆ ಈ ಲೆಕ್ಕ ಸರಿಹೊಂದುತ್ತದೆ. ಮನುಷ್ಯನ ತಲೆಗೂದಲೂ ಹೀಗೆಯೇ: ಮೊದಲ ಎರಡು ಶೇಕಡಾ ಬಿರುಸಾಗಿ ಎದುರಿಸುತ್ತದೆ, ಆಮೇಲೆ ಸುಮಾರು ಮೂವತ್ತು ಶೇಕಡಾದವರೆಗೆ ಹೆಚ್ಚು ಬಲ ಕೇಳದೆ ಸಡಿಲವಾಗಿ ಹಿಗ್ಗುತ್ತದೆ. ಆ ಸಡಿಲ ಘಟ್ಟದಲ್ಲಿ ಸುರುಳಿಗಳು ಬಿಚ್ಚಿಕೊಳ್ಳುತ್ತಿರುತ್ತವೆ.

ಕೆಲವೊಮ್ಮೆ ಎಳೆತ ತರುವ ಹೊಸ ಸ್ಫಟಿಕ ಹಿಂದಿರುಗದೆ ಉಳಿಯುತ್ತದೆ, ಹೊಸ ಗುಣವನ್ನೂ ತರುತ್ತದೆ. ಪಿವಿಡಿಎಫ್ ಎಂಬ ಫ್ಲೋರಿನ್ ಪಾಲಿಮರನ್ನು ಸುಮಾರು 80 ಡಿಗ್ರಿ ಬಿಸಿಯಲ್ಲಿ ನಾಲ್ಕೈದು ಪಟ್ಟು ಎಳೆದರೆ ಅದರ ಸರಪಳಿಗಳು ನೀಳಗೊಂಡು ವಿದ್ಯುತ್ ಧ್ರುವಗಳೆಲ್ಲ ಒಂದೇ ಕಡೆ ಮುಖ ಮಾಡುವ ಬೀಟಾ ಸ್ಫಟಿಕ ಮೂಡುತ್ತದೆ. ಹೀಗೆ ಎಳೆದು ವಿದ್ಯುತ್ ಕ್ಷೇತ್ರದಲ್ಲಿಟ್ಟ ಹಾಳೆಯನ್ನು ಒತ್ತಿದರೆ ವಿದ್ಯುತ್ ಹುಟ್ಟುವುದನ್ನು ಜಪಾನಿನ ಹೇಯ್ಜಿ ಕವಾಯಿ 1969ರಲ್ಲಿ ವರದಿ ಮಾಡಿದರು. ಇಂದು ಅದು ಸಂವೇದಕಗಳಲ್ಲಿದೆ, ಮೈಕ್ರೊಫೋನುಗಳಲ್ಲಿದೆ.

ರಬ್ಬರಿನದು ಇದೆಲ್ಲಕ್ಕಿಂತ ಬೇರೆ. ಬಿಗಿಯಾಗಿ ಎಳೆದ ರಬ್ಬರ್ ಬೆಚ್ಚಗಾಗುತ್ತದೆ, ಎಳೆದಿಟ್ಟ ರಬ್ಬರಿಗೆ ಶಾಖ ಕೊಟ್ಟರೆ ಹಿಗ್ಗುವ ಬದಲು ಕುಗ್ಗುತ್ತದೆ ಎಂದು ಇಂಗ್ಲೆಂಡಿನ ಕೆಂಡಲ್ ಊರಿನ ದೃಷ್ಟಿಹೀನ ವಿದ್ವಾಂಸ ಜಾನ್ ಗಫ್ 1805ರಲ್ಲಿ ಪ್ರಕಟಿಸಿದ್ದರು. ರಬ್ಬರಿನ ಪಟ್ಟಿಯನ್ನು ಎಳೆದು ತುಟಿಗೆ ತಾಗಿಸಿ ಅವರು ಆ ಬಿಸಿಯನ್ನು ಗುರುತಿಸಿದರು. 1859ರಲ್ಲಿ ಜೌಲ್ ಅದನ್ನು ನಿಖರವಾಗಿ ಅಳೆದರು. ಕಾರಣ ತಿಳಿದದ್ದು 1930ರ ದಶಕದಲ್ಲಿ: ರಬ್ಬರಿನ ಸರಪಳಿಗಳು ಹಿಂದಕ್ಕೆಳೆಯುವುದು ಬಂಧಗಳು ಹಿಗ್ಗಿದ್ದರಿಂದಲ್ಲ, ನೀಳವಾದ ಸರಪಳಿಗಿರುವ ರೂಪಗಳು ಕೆಲವೇ, ಮುದುಡಿದ್ದಕ್ಕೆ ಅಸಂಖ್ಯ. ಉಷ್ಣಚಲನೆ ಅದನ್ನು ಸದಾ ಮುದುಡುವ ಕಡೆಗೇ ಒಯ್ಯುತ್ತದೆ. 1925ರಲ್ಲೇ ಡಚ್ ವಿಜ್ಞಾನಿ ಕಾಟ್ಸ್, ಎಳೆಯದ ರಬ್ಬರಿನ ಕ್ಷ-ಕಿರಣ ಚಿತ್ರದಲ್ಲಿ ಬರೀ ಮಸುಕು ಬಳೆ, ಹಲವು ಪಟ್ಟು ಎಳೆದದ್ದರಲ್ಲಿ ಸ್ಪಷ್ಟ ಚುಕ್ಕೆಗಳು ಎಂದು ತೋರಿಸಿದ್ದರು. ಚುಕ್ಕೆ ಎಂದರೆ ಸ್ಫಟಿಕ. ಬಿಟ್ಟರೆ ಚುಕ್ಕೆಗಳೂ ಇಲ್ಲ.

ಇದು ಬರೀ ಕುತೂಹಲದ ಸಂಗತಿಯಲ್ಲ. ಟೈರಿನಲ್ಲಿ ಬಿರುಕು ಮೂಡಿದಾಗ ಅದರ ತುದಿಯಲ್ಲೇ ರಬ್ಬರ್ ಅತಿ ಹೆಚ್ಚು ಹಿಗ್ಗುತ್ತದೆ. ಹಿಗ್ಗಿದ ಕಡೆಯೇ ಸ್ಫಟಿಕ ಹುಟ್ಟಿ ಬಿರುಕಿಗೆ ಅಡ್ಡ ನಿಲ್ಲುತ್ತದೆ. ಕೃತಕ ರಬ್ಬರುಗಳಲ್ಲಿ ಹೆಚ್ಚಿನವಕ್ಕೆ ಈ ಶಕ್ತಿ ಇಲ್ಲ, ಏಕೆಂದರೆ ಅವುಗಳ ಸರಪಳಿ ಮರದ ಹಾಲಿನ ಸರಪಳಿಯಷ್ಟು ಕ್ರಮಬದ್ಧವಲ್ಲ. ವಿಮಾನದ, ಲಾರಿಯ ಟೈರುಗಳಿಗೆ ಇವತ್ತಿಗೂ ಸಹಜ ರಬ್ಬರನ್ನೇ ನೆಚ್ಚುವುದು ಅದಕ್ಕೇ. ಸುಳ್ಯ, ಪುತ್ತೂರು, ಬೆಳ್ತಂಗಡಿಯ ತೋಟಗಳಲ್ಲಿ ನಸುಕಿನಲ್ಲಿ ಟ್ಯಾಪಿಂಗ್ ಮಾಡಿ ಶೀಟು ಒಣಗಿಸುವವರ ಬೆಳೆಗೆ ಬೇಡಿಕೆ ಉಳಿದಿರುವುದರ ಹಿಂದೆ ಈ ಕ್ಷಣಿಕ ಸ್ಫಟಿಕಗಳಿವೆ. ತೀಕ್ಷ್ಣ ಕ್ಷ-ಕಿರಣ ಸೂಸುವ ಸಿಂಕ್ರೊಟ್ರಾನ್ ಯಂತ್ರಗಳ ಇತ್ತೀಚಿನ ಅಳತೆಗಳು ಇನ್ನೊಂದು ಬೆರಗನ್ನು ಮುಂದಿಟ್ಟಿವೆ: ಆರು ಪಟ್ಟು ಎಳೆದ ರಬ್ಬರಿನಲ್ಲೂ ಅರ್ಧಕ್ಕಿಂತ ಹೆಚ್ಚು ಸರಪಳಿಗಳು ಯಾವ ದಿಕ್ಕಿಗೂ ತಿರುಗದೆ ಮುದುಡಿಕೊಂಡೇ ಇರುತ್ತವೆ. ಎಳೆತವನ್ನು ಎಲ್ಲ ಸರಪಳಿಗಳೂ ಸಮನಾಗಿ ಹಂಚಿಕೊಳ್ಳುತ್ತವೆ ಎಂಬ ಹಳೆಯ ಸಿದ್ಧಾಂತಗಳಿಗೆ ಇದು ಹೊಂದುವುದಿಲ್ಲ.

1958ರಲ್ಲಿ ಡ್ಯುಪಾಂಟ್‌ನ ಜೋಸೆಫ್ ಶಿವರ್ಸ್ ರೂಪಿಸಿದ ಸ್ಪ್ಯಾಂಡೆಕ್ಸ್, ಅಂದರೆ ಲೈಕ್ರಾ, ರಬ್ಬರಿನ ಗುಣವನ್ನು ಎಳೆಗೆ ತಂದಿತು. ಅದರ ಒಂದೇ ಸರಪಳಿಯಲ್ಲಿ ಮೆತ್ತನೆಯ ಉದ್ದ ಭಾಗ, ಗಟ್ಟಿಯಾದ ಗಿಡ್ಡ ಭಾಗ ಸರದಿಯಂತೆ ಬರುತ್ತವೆ. ಮೆತ್ತನೆಯದು ಐದಾರು ಪಟ್ಟು ಹಿಗ್ಗುತ್ತದೆ, ಗಟ್ಟಿಯದು ಗುಂಪುಗೂಡಿ ಹಿಡಿದಿಡುತ್ತದೆ.

ಕರ್ನಾಟಕಕ್ಕೆ ಅತಿ ಹತ್ತಿರದ ಪಾಲಿಮರ್ ಎಳೆ ರೇಷ್ಮೆ. ರಾಮನಗರದ ಮಾರುಕಟ್ಟೆಗೆ ಬರುವ ದ್ವಿತಳಿ ಗೂಡೊಂದರಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದದ ಎಳೆಯಿರುತ್ತದೆ. ಹುಳುವಿನ ಗ್ರಂಥಿಯಲ್ಲಿ ಫೈಬ್ರಾಯಿನ್ ಪ್ರೋಟೀನು ನೀರಿನಲ್ಲಿ ಕರಗಿದ ಮಂದ ದ್ರವ. ಹುಳು ಎಳೆಯ ತುದಿಯನ್ನು ಅಂಟಿಸಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ತಲೆಯಾಡಿಸುತ್ತ ಎಳೆಯುತ್ತದೆ. ಆ ಎಳೆತ, ಕಿರಿದಾಗುವ ನಾಳ, ಆಮ್ಲೀಯತೆಯ ಏರಿಕೆ ಮೂರೂ ಸೇರಿ ದ್ರವದಲ್ಲಿದ್ದ ಪ್ರೋಟೀನು ಬೀಟಾ ಹಾಳೆಗಳ ಸ್ಫಟಿಕವಾಗುತ್ತದೆ; ಒಮ್ಮೆ ಆದ ಮೇಲೆ ನೀರಿನಲ್ಲಿ ಕರಗುವುದಿಲ್ಲ. 2002ರಲ್ಲಿ ಷಾವೋ ಮತ್ತು ವೋಲ್‌ರಾತ್ ಹುಳುವನ್ನು ಅಲುಗದಂತೆ ಹಿಡಿದು ಬೇರೆ ಬೇರೆ ವೇಗದಲ್ಲಿ ಎಳೆ ತೆಗೆದರು. ವೇಗ ಹೆಚ್ಚಿಸಿದಾಗ ಎಳೆ ಜೇಡರ ಬಲೆಯ ಆಧಾರದೆಳೆಯ ಬಲಕ್ಕೆ ಹತ್ತಿರ ಬಂತು, ಆದರೆ ಕಡಿಮೆ ಹಿಗ್ಗುತ್ತಿತ್ತು. ನಿಧಾನವಾಗಿ ತೆಗೆದದ್ದು ಹೆಚ್ಚು ಹಿಗ್ಗುತ್ತಿತ್ತು, ಬಲ ಕಡಿಮೆ. ಹುಳುವೂ ಒಂದೇ, ಪ್ರೋಟೀನೂ ಒಂದೇ. ತಲೆಯಾಡಿಸುವಾಗ ಹುಳುವಿನ ವೇಗ ಏರಿಳಿಯುವುದರಿಂದ ಗೂಡಿನ ಎಳೆಯ ಗುಣವೂ ಉದ್ದಕ್ಕೂ ಏಕರೂಪವಾಗಿರುವುದಿಲ್ಲ. ನೂಲು ಬಿಚ್ಚಾಣಿಕೆಯವರು ಬಿಗಿತವನ್ನು ಹದವಾಗಿ ಇಟ್ಟುಕೊಳ್ಳುವುದರಲ್ಲಿ ಗಟ್ಟಿ ತರ್ಕವಿದೆ. ಒದ್ದೆ ಎಳೆಯನ್ನು ಹೆಚ್ಚು ಬಿಗಿಯಾಗಿ ಸುತ್ತಿ ಹಾಗೇ ಒಣಗಿಸಿದರೆ ಅದರ ಹಿಗ್ಗುವ ಶಕ್ತಿಯ ಒಂದು ಪಾಲು ಅಲ್ಲೇ ಖರ್ಚಾಗಿಬಿಡುತ್ತದೆ, ಮಗ್ಗದಲ್ಲಿ ಎಳೆ ಬೇಗ ತುಂಡಾಗುತ್ತದೆ.

ಎಳೆತವನ್ನು ಎಳೆ ಮರೆಯುವುದಿಲ್ಲ. ಪಿಇಟಿ ಬಾಟಲಿಯನ್ನು ಸುಮಾರು ನೂರು ಡಿಗ್ರಿಗೆ ಕಾಯಿಸಿದ ಪ್ರಿಫಾರ್ಮ್ ಎಂಬ ಗಿಡ್ಡ ಕೊಳವೆಯನ್ನು ಉದ್ದಕ್ಕೂ ಅಗಲಕ್ಕೂ ಹಿಗ್ಗಿಸಿ ಊದಿ ಮಾಡುತ್ತಾರೆ. ಗೋಡೆಯ ಸಣ್ಣ ಸ್ಫಟಿಕಗಳು ಆಗ ಹುಟ್ಟಿದವು. ಅದರೊಳಗೆ ಕುದಿನೀರು ಸುರಿದರೆ ಬಾಟಲಿ ಸೊಟ್ಟಗಾಗಿ ಕುಗ್ಗುತ್ತದೆ, ಏಕೆಂದರೆ ಸ್ಫಟಿಕಗಳ ನಡುವೆ ಬಿಗಿದುಕೊಂಡಿದ್ದ ಸರಪಳಿಗಳಿಗೆ ಮುದುಡುವ ಅವಕಾಶ ಸಿಗುತ್ತದೆ. ಹೆಚ್ಚೇನೂ ಎಳೆಯದೆ ಬಿಟ್ಟ ಕುತ್ತಿಗೆಯ ದಪ್ಪ ಭಾಗ ಬಹುತೇಕ ಹಾಗೇ ಉಳಿಯುತ್ತದೆ. ಪಾಲಿಯೆಸ್ಟರ್ ನೂಲಿಗೆ ಇದು ಆಗಬಾರದೆಂದು ಗಿರಣಿಯಲ್ಲಿ ಅದನ್ನು ಬಿಗಿಹಿಡಿದು ಶಾಖ ಕೊಟ್ಟು ಸ್ಫಟಿಕಗಳನ್ನು ಬಲಪಡಿಸುತ್ತಾರೆ. ಆ ಹೀಟ್ ಸೆಟ್ಟಿಂಗ್ ಸರಿಯಾಗಿ ಆಗದ ಸೀರೆ ಇಸ್ತ್ರಿಪೆಟ್ಟಿಗೆಯ ಕೆಳಗೆ ಸುಕ್ಕಾಗುತ್ತದೆ.

ಎಳೆಯುತ್ತಿರುವಾಗಲೇ ಒಳಗಿನದನ್ನು ನೋಡುವ ಸಾಧನಗಳಿಂದ ಈ ಕ್ಷೇತ್ರ ಕಳೆದ ಮೂರು ದಶಕಗಳಲ್ಲಿ ಬಹಳ ಮುಂದೆ ಬಂದಿದೆ. ಇಂದೋರಿನ ಇಂಡಸ್-2ರಂಥ ಸಿಂಕ್ರೊಟ್ರಾನ್‌ಗಳ ತೀಕ್ಷ್ಣ ಕ್ಷ-ಕಿರಣದಲ್ಲಿ ಸೆಕೆಂಡಿನ ಅಂಶದಷ್ಟು ಹೊತ್ತಿನಲ್ಲಿ ಒಂದು ಚಿತ್ರ ಸಿಗುತ್ತದೆ. ಇನ್ನೊಂದು ಸಾಧನ ಸಿ.ವಿ. ರಾಮನ್ 1928ರಲ್ಲಿ ಕಂಡ, ಬೆಂಗಳೂರಿಗೆ ಬಂದ ಮೇಲೂ ಬೆಳೆಸಿದ ಪರಿಣಾಮ. ಎಳೆಯ ಮೇಲೆ ಬಿದ್ದ ಬೆಳಕು ಚದುರುವಾಗ ಅಣುಬಂಧಗಳ ಕಂಪನದ ಗುರುತನ್ನು ಹೊತ್ತು ತರುತ್ತದೆ. ಬಂಧ ನಿಜಕ್ಕೂ ಹಿಗ್ಗಿದರೆ ಕಂಪನ ನಿಧಾನಗೊಳ್ಳುತ್ತದೆ. ಕೆವ್ಲಾರ್ ಎಂಬ ಗಟ್ಟಿ ಪಾಲಿಮರ್ ಎಳೆಯನ್ನು ಒಂದು ಶೇಕಡಾ ಹಿಗ್ಗಿಸಿದರೆ, ಸೆಂಟಿಮೀಟರಿಗೆ 1610 ಅಲೆಗಳ ಅದರ ರಾಮನ್ ರೇಖೆ ಸುಮಾರು ನಾಲ್ಕು ಅಲೆಗಳಷ್ಟು ಕೆಳಗೆ ಸರಿಯುತ್ತದೆ. ಹೊರಗಿನ ಭಾರದಲ್ಲಿ ಎಷ್ಟು ಪಾಲು ಸರಪಳಿಯ ಬೆನ್ನೆಲುಬಿಗೆ ತಲುಪಿತು ಎಂಬುದನ್ನು ಇದರಿಂದ ನೇರವಾಗಿ ಓದಬಹುದು.

ಓದಿದಾಗ ಸಿಗುವ ಸುದ್ದಿ ಪೂರ್ತಿ ಸಿಹಿಯಲ್ಲ. ಬಿರುಸಿನ ವಿಷಯದಲ್ಲಿ ಪಾಲಿಥೀನ್ ಎಳೆಗಳು ಸ್ಫಟಿಕದ ಮಿತಿಯ ಅರ್ಧದಷ್ಟು ಹತ್ತಿರಕ್ಕೆ ಬಂದಿವೆ. ಬಲದ ವಿಷಯದಲ್ಲಿ ಹಾಗಿಲ್ಲ. ದೋಷವಿಲ್ಲದ ಪಾಲಿಥೀನ್ ಸ್ಫಟಿಕ 20 ಗಿಗಾಪಾಸ್ಕಲ್‌ಗೂ ಹೆಚ್ಚು ಎಳೆತ ತಾಳಬೇಕೆಂದು ಲೆಕ್ಕ ಹೇಳುತ್ತದೆ. ಮಾರುಕಟ್ಟೆಯ ಎಳೆ ತಾಳುವುದು ಮೂರು–ನಾಲ್ಕು. ಸರಪಳಿಯ ತುದಿಗಳು, ಬಿಡದೆ ಉಳಿದ ಸಿಕ್ಕುಗಳು, ಸೂಕ್ಷ್ಮ ನಾರುಗಳ ನಡುವಿನ ದುರ್ಬಲ ಅಂಟು ಇವೆಲ್ಲ ಭಾರವನ್ನು ಕೆಲವೇ ಸರಪಳಿಗಳ ಮೇಲೆ ಹೇರುತ್ತವೆ. ಪಾಲಿಥೀನಿನ ಸರಪಳಿಗಳು ಪಕ್ಕದವುಗಳನ್ನು ಹಿಡಿದುಕೊಳ್ಳುವ ಬಲವೂ ಕಡಿಮೆ. ಕೆವ್ಲಾರ್, ನೈಲಾನ್‌ಗಳಲ್ಲಿರುವ ಜಲಜನಕ ಬಂಧ ಅಲ್ಲಿಲ್ಲ. ಹಾಗಾಗಿ ಭಾರ ಹೊತ್ತು ವರ್ಷಗಟ್ಟಲೆ ನಿಲ್ಲಬೇಕಾದ ಕಡೆ, ಆಳ ಸಮುದ್ರದಲ್ಲಿ ತೇಲುವ ತೈಲ ವೇದಿಕೆಗಳನ್ನು ಲಂಗರಿಗೆ ಕಟ್ಟುವಂಥ ಕೆಲಸದಲ್ಲಿ, ಅದರ ಸರಪಳಿಗಳು ಸ್ಫಟಿಕದೊಳಗೇ ಮೆಲ್ಲಗೆ ಜಾರಿ ಹಗ್ಗ ಉದ್ದವಾಗುತ್ತ ಹೋಗುತ್ತದೆ. ಈ ಜಾರುವಿಕೆಯನ್ನು ತಡೆಯಲು ಸರಪಳಿಗೆ ಅಲ್ಲಲ್ಲಿ ಸಣ್ಣ ಕವಲುಗಳನ್ನು ಸೇರಿಸುವ ಪ್ರಯತ್ನ ನಡೆದಿದೆ. ಕವಲು ಹೆಚ್ಚಾದರೆ ಎಳೆಯುವಾಗಲೇ ಅದು ಅಡ್ಡಿಯಾಗುತ್ತದೆ, ಕಡಿಮೆಯಾದರೆ ಜಾರುವುದು ನಿಲ್ಲುವುದಿಲ್ಲ.